ಎಡಗೈ ಸಹಿ

ಕಾರ್ಬೆಕ್‌ನಲ್ಲಿ ಶನಿವಾರದ ಸಂತೆ.
ಮೀನಿನ ಗಾಡಿಗೂ ಗುಂಡಿ-ದಾರ ಮಾರುವವಳಿಗೂ ನಡುವೆ
ನಮ್ಮ ಮೇಜು. ಅದರ ಒಂದು ಕಾಲು ಗಿಡ್ಡ,
ಟ್ರಸ್ಟಿನವರ ನೋಟಿಸನ್ನೇ ಎಂಟು ಮಡಿಕೆ ಮಾಡಿ ಒತ್ತು ಕೊಟ್ಟಿದ್ದೇನೆ.

ಆ ನೋಟಿಸಿನಲ್ಲಿ ಮುಚ್ಚುತ್ತೇವೆ ಎಂಬ ಮಾತೇ ಇಲ್ಲ.
ಬೆಣ್ಣೆಯಿಂದ ಕೂದಲು ತೆಗೆದಂಥ ಭಾಷೆ:
ಸೇವೆಯ ಸ್ಥಳಾಂತರ.
ಹದಿನೆಂಟು ಮೈಲಿ ಆಚೆಗೆ. ಎರಡು ಬಸ್ಸು.
ಎರಡನೆಯದು ಭಾನುವಾರ ಓಡುವುದಿಲ್ಲ.
ಮಕ್ಕಳು ಗೋಡೆ ಹತ್ತಿ ಬೀಳುವುದು ಭಾನುವಾರವೇ ಹೆಚ್ಚು.
ಹತ್ತೊಂಬತ್ತು ವರ್ಷ ಆ ಗಾಜಿನ ಹಿಂದೆ ಕೂತು
ಹೆಸರು, ಹುಟ್ಟಿದ ದಿನ ಕೇಳಿ ಬರೆದುಕೊಂಡವಳು ನಾನು,
ನನಗೆ ಗೊತ್ತಿಲ್ಲವೇ?

ಯಾರ ಮೂಗಿನಲ್ಲಿ ಬಟಾಣಿ ಸಿಕ್ಕಿತ್ತು,
ಮೆಟ್ಟಿಲಿಂದ ಜಾರಿದೆ ಎಂದು ಮೂರನೇ ಸಲ ಬಂದವಳ ಮಾತಿಗೆ
ನರ್ಸ್ ಮೋರಾಗ್ ಯಾಕೆ ಪರದೆ ಎಳೆದು ಕುರ್ಚಿ ಹತ್ತಿರ ಸರಿಸಿದಳು,
ಜನವರಿಯಲ್ಲಿ ಯಾರು ಏನೂ ಆಗದೆ
ಹೀಟರಿನ ಪಕ್ಕ ಕೂರಲೆಂದೇ ಬರುತ್ತಿದ್ದರು.
ಅವರಿಗೆ ಲೆಕ್ಕದ ಹಾಳೆಯಲ್ಲಿ ಕಾಲಂ ಇಲ್ಲ.
ನಾನು 'ಇತರೆ' ಎಂದು ಬರೆಯುತ್ತಿದ್ದೆ.

ಮಧ್ಯಾಹ್ನಕ್ಕೆ ನಲವತ್ತೊಂದು ಸಹಿ.
ಇದರಿಂದ ಏನಾಗುತ್ತೆ? ಕೇಳಿದ ಒಬ್ಬ.
ನನ್ನ ಹತ್ತಿರ ಉತ್ತರ ಇರಲಿಲ್ಲ, ಪೆನ್ನಿತ್ತು. ಚಾಚಿದೆ.
ಅವನು ಹ್ಯಾಡಕ್ ಮೀನು ಕೊಂಡು ಹೋದ.

ಆಮೇಲೆ ಗಡಿಯಾರ ರಿಪೇರಿಯ ಹೋಲ್ರಾಯ್ಡ್ ಬಂದರು,
ಬಲಗೈ ಪ್ಲಾಸ್ಟರಿನಲ್ಲಿ. ಗುರುವಾರ ನಮ್ಮಲ್ಲೇ ಹಾಕಿದ್ದು.
ಕೂದಲೆಳೆಯ ಸ್ಪ್ರಿಂಗ್ ಕೂರಿಸುವ ಮನುಷ್ಯ
ಎಡಗೈಯಲ್ಲಿ ಪೆನ್ನನ್ನು ಸೌಟಿನಂತೆ ಹಿಡಿದರು.
ಹಾಳೆ ಜಾರಿತು. ನಾನು ಅಂಗೈಯೊತ್ತಿ ಹಿಡಿದೆ.
ಮೊದಲ ಅಕ್ಷರ ಮುರಿದ ಏಣಿ,
ಎರಡನೆಯದು ಬಾಯಿ ಮುಚ್ಚಲೇ ಇಲ್ಲ.
ಹಿಂದೆ ಸಾಲು ಬೆಳೆಯಿತು. ಗಾಳಿ ಎದ್ದಿತು.
ಬ್ಯಾಗು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡರೇ ಹೊರತು
ಒಬ್ಬರೂ ಅವಸರ ಮಾಡಲಿಲ್ಲ.

ನನ್ನ ಸಹಿಯಂತಿಲ್ಲ ಇದು, ನಡೆಯುತ್ತಾ? ಎಂದರು.
ನಡೆಯುತ್ತೆ ಅಂದೆ.
ಪ್ಲಾಸ್ಟರ್ ಬಿಚ್ಚಲು ಆರು ವಾರ ಅಂದಿದ್ದಾಳೆ ಮೋರಾಗ್.
ಬಾಗಿಲಿಗೆ ಬೀಗ ಬೀಳಲು ಐದು.
ಅವರು ಲೆಕ್ಕ ಹಾಕಿರಬೇಕು, ಜೀವನವಿಡೀ ಸಮಯ ನೋಡಿದವರು.
ಏನೂ ಹೇಳದೆ ಪೆನ್ನಿನ ಮುಚ್ಚಳ
ಹಲ್ಲಲ್ಲಿ ಕಚ್ಚಿ ಹಾಕಿ ಕೊಟ್ಟರು.

ಸಂಜೆ ಮೇಜು ಮಡಚುವ ಮುನ್ನ ಸುತ್ತ ನೋಡಿದೆ.
ನೌಕರರು ಸಹಿ ಹಾಕಬಾರದೆಂದು ಸುತ್ತೋಲೆಯಿದೆ.
ಹಾಕಿದೆ. ಕನ್ನಡದಲ್ಲಿ, ಊರಿನ ಹೆಸರೂ ಸೇರಿಸಿ,
ಒತ್ತಕ್ಷರ ಒಂದೂ ಬಿಡದೆ.
ಓದಲು ಬಾರದಿದ್ದರೆ ಬೇಡ,
ಎಣಿಸಲಿ.