ಗಾಯನ: ಇಲ್ಲ

ಸೇಬು ಒಣಗಿಸುವ ಯಂತ್ರದಲ್ಲಿ ಈ ಸಲ ಸೇಬಿಲ್ಲ.
ನಡುವಿನ ತಟ್ಟೆಗಳ ಜಾಲರಿ ಕತ್ತರಿಸಿ ತೆಗೆದು
ಟೇಪಿನ ದೊಡ್ಡ ಸುರುಳಿಯೊಂದನ್ನು ಮಲಗಿಸಿದ್ದೇನೆ.
ಐವತ್ತನಾಲ್ಕು ಡಿಗ್ರಿ, ಎಂಟು ಗಂಟೆ,
ಮಧ್ಯೆ ಒಮ್ಮೆ ಮಗುಚಬೇಕು.
ನಲವತ್ತೆಂಟು ವರ್ಷ ತೇವ ಕುಡಿದ ಅಂಟು
ಆರಿದರೆ ಬಿಚ್ಚಿಕೊಳ್ಳುತ್ತದೆ,
ಆರದಿದ್ದರೆ ಕೀರಲಿಟ್ಟು ಚಕ್ಕೆ ಚಕ್ಕೆಯಾಗಿ ಉದುರುತ್ತದೆ.
ಆರಿದರೂ ಕೆಲವೇ ವಾರ. ಆಮೇಲೆ ಮತ್ತೆ ಅಂಟು.

ಡೇಟನ್ ಊರಿನ ಪಶ್ಚಿಮಕ್ಕೆ, ನದಿ ದಾಟಿದ ಮೇಲೆ,
ನಮ್ಮ ಅಡುಗೆಮನೆ. ಮೇಜಿನಾಚೆ ಅಮ್ಮ, ವರ್ಲೀನ್,
ಟೇಪಿನ ರಟ್ಟಿನ ಡಬ್ಬಿಯನ್ನು ಬೋರಲು ಹಾಕಿಟ್ಟಿದ್ದಾಳೆ.
ನಾನು ತಿರುಗಿಸಿ ಓದುತ್ತೇನೆ, ಕ್ಲಿಯೋಟಿಸನ ಪೆನ್ಸಿಲ್ ಬರಹ:
ಥರ್ಡ್ ಸ್ಟ್ರೀಟ್ ಕಂಡಕ್ಟರ್ಸ್, ನವೆಂಬರ್ ಎಪ್ಪತ್ತಾರು.
ಬೇಸ್ ಹೊಸೇಯ. ಪಿಯಾನೊ ಎಲ್ವುಡ್.
ಟ್ರಾಂಬೋನ್ ಪರ್ವಿಸ್. ಡ್ರಮ್ಸ್ ನಾನೇ.
ಗಾಯನ: ಇಲ್ಲ.

"ಇಲ್ಲ ಅಂದರೆ ನಾನು" ಅಂದಳು ಅಮ್ಮ.

ಅದಕ್ಕೂ ಮೊದಲು ಶುಕ್ರವಾರಗಳಿದ್ದವು.
ಫ್ರಿಜ್ ಕಾರ್ಖಾನೆಯ ಪಾಳಿ ಬಿಟ್ಟವರು
ಕೈಯ ಎಣ್ಣೆ ಕೂಡ ಸರಿಯಾಗಿ ತೊಳೆಯದೆ ಬಂದು
ನೆಲ ಅದುರುವ ಹಾಗೆ ಕುಣಿಯುತ್ತಿದ್ದರು.
ಹೊಸೇಯನೂ ಹಗಲೆಲ್ಲ ಅಲ್ಲೇ, ಬಾಗಿಲಿಗೆ ಕೀಲು ಹಾಕುವವ;
ಬೇಸಿನಲ್ಲೂ ಹಾಗೇ, ಒಂದೊಂದು ಸ್ವರ ಬಿಗಿದು ಮುಂದಿನದಕ್ಕೆ.
ಚಿನ್ನದ ಬಣ್ಣದ ಬೂಟು ಹಾಕಿದ ಅಮ್ಮ
"ಬಾ" ಎಂಬ ಒಂದೇ ಮಾತನ್ನು
ಹನ್ನೊಂದು ಬಗೆಯಲ್ಲಿ ಹೇಳುತ್ತಿದ್ದಳಂತೆ.
ಹನ್ನೊಂದಕ್ಕೂ ಜನ ಬಂದರು.

ಎಲ್ವುಡ್‌ಗೆ ಜಾಝ್ ಹತ್ತಿದ್ದು ಆ ಶರತ್ಕಾಲದಲ್ಲಿ,
ಜ್ವರ ಹತ್ತಿದ ಹಾಗೆ; ಒಬ್ಬರಿಂದ ಒಬ್ಬರಿಗೆ ಹರಡಿತು.
ನಾಲ್ಕು ಇದ್ದಲ್ಲಿ ಏಳು ಬಂತು.
ಮೂರು ಬೆರಳಿನ ಸ್ವರಗುಚ್ಛಕ್ಕೆ ಎಂಟು ಬೆರಳು ಬೇಕಾಯಿತು.
ಮಾತು ಇಡಲು ಜಾಗವೇ ಉಳಿಯಲಿಲ್ಲ.

ಮುಚ್ಚಿದ ಲಾಂಡ್ರಿಯೊಂದು ಅವರ ಸ್ಟುಡಿಯೊ.
ಹೊರಗೆ ಟ್ರಾಲಿ ಬಸ್ಸಿನ ತಂತಿ, ಒಳಗೆ ಹಳೆಯ ವೈರಿಂಗು,
ಎಲ್ಲ ಸ್ಪೀಕರಿನಲ್ಲೂ ಕರೆಂಟಿನ ಗುಂಯ್ಗುಡುವಿಕೆ,
ಎರಡು ಸ್ವರಗಳ ಸಂದಿನಲ್ಲಿ, ಯಾವುದಕ್ಕೂ ಸೇರದೆ.
ಓಡಿಸಲಾಗದ್ದನ್ನು ಶ್ರುತಿ ಮಾಡಿಕೊಳ್ಳೋಣ ಅಂದ ಹೊಸೇಯ,
ತಂತಿ ಸಡಿಲಿಸಿ ಅದರೊಳಗೇ ಇಳಿದ.
ಟ್ರಾಂಬೋನಿಗೇನು, ಕೊಳವೆ ಜಾರಿಸಿದರೆ ಆಯಿತು.
ಎಲ್ವುಡ್ ಮಾತ್ರ ರಾತ್ರಿಯಿಡೀ ಪಿಯಾನೊ ಬಿಚ್ಚಿ ಕೂತು
ಎಪ್ಪತ್ತಮೂರು ಪುಟಾಣಿ ಸ್ಪ್ರಿಂಗುಗಳನ್ನು
ಕೂದಲೆಳೆಯಷ್ಟು, ಕೂದಲೆಳೆಯಷ್ಟು ಸರಿಸಿದ.

ಸಿನ್ಸಿನಾಟಿಯಿಂದ ಬಂದ ಕಂಪನಿಯವನು
ಕೋಟು ಬಿಚ್ಚದೆ ಅರ್ಧ ಕೇಳಿ
"ಇದಕ್ಕೆ ಯಾರು ಕುಣಿಯುತ್ತಾರೆ?" ಅಂದನಂತೆ.
ನಾಲ್ಕು ಡಬ್ಬಿ ವಾಪಸು. ಆಮೇಲೆ ನಮ್ಮ ಅಟ್ಟ.

ಈಗ ಸುರುಳಿ ತಿರುಗುತ್ತಿದೆ.
ಮೊದಲು ಆ ಗುಂಯ್, ಬಸ್ಸೊಂದು ಹಾದ ಚಿಟಿಚಿಟಿ,
ಆಮೇಲೆ ಬೇಸು, ಕತ್ತಲಲ್ಲಿ ಮೆಟ್ಟಿಲು ಹುಡುಕುವ ಕಾಲಿನಂತೆ.
ಪರ್ವಿಸ್ ತಡವಾಗಿ ಸೇರಿ ಬೇಗ ಮುಗಿಸುತ್ತಾನೆ.
ನಾಲ್ಕನೇ ನಿಮಿಷದಲ್ಲಿ ಡ್ರಮ್ಮು ತಡವರಿಸಿತು.
ಅರ್ಧ ಮಾತ್ರೆಯಷ್ಟು ಖಾಲಿ. ಎಲ್ಲರೂ ಕಾದು ಮತ್ತೆ ಬಿದ್ದರು.
"ಕ್ಲಿಯೋಟಿಸ್ ತಪ್ಪಿದ" ಅಂದೆ.

"ತಪ್ಪಲ್ಲ. ಅಲ್ಲಿ ನಾನು ತಿರುಗಿದೆ."

ಸದ್ದು ಮೈಕಿಗೆ ಬೀಳಬಾರದೆಂದು
ಬೂಟು ಬಿಚ್ಚಿ, ಕಾಲುಚೀಲದಲ್ಲಿ,
ಲಾಂಡ್ರಿಯ ತಣ್ಣನೆ ಸಿಮೆಂಟಿನ ಮೇಲೆ
ಆ ಏಳನ್ನು ಕುಣಿದಿದ್ದಳು ಅಮ್ಮ.
ಹಾಡಲು ಇಲ್ಲದವಳಿಗೆ ಕೈ ಕಟ್ಟಿ ಕೂರಲೂ ಬರಲಿಲ್ಲ.
ಕ್ಲಿಯೋಟಿಸ್ ಅವಳ ಹಿಮ್ಮಡಿ ನೋಡಿ ಬಾರಿಸಿದ.
ಹಿಮ್ಮಡಿ ಗಾಳಿಯಲ್ಲಿ ಎಷ್ಟು ಹೊತ್ತು ಇತ್ತೋ
ಅಷ್ಟು ಹೊತ್ತು ಅವನ ಕೋಲೂ ಗಾಳಿಯಲ್ಲಿ.

ಹಿಂದಕ್ಕೆ ಸುತ್ತಿ ಮತ್ತೆ ಹಾಕಿದೆ.
ಮೂರು, ಮತ್ತೆ ನಾಲ್ಕು. ಮೂರು, ಮತ್ತೆ ನಾಲ್ಕು.
ಮೇಜಿನ ಕೆಳಗೆ, ಬಾತ ಕಾಲಿನ ಚಪ್ಪಲಿ
ಆ ಖಾಲಿಗಿಂತ ಚೂರು ಮೊದಲೇ ನೆಲ ಬಿಟ್ಟಿತು.

ಹತ್ತಿಯಿಂದ ಯಂತ್ರದ ತಲೆ ಒರೆಸಿದೆ: ಕಂದು ಪುಡಿ,
ಸೇಬಿನ ವಾಸನೆ.
"ಉಳಿದ ಮೂರರಲ್ಲಿ ಎಲ್ಲೆಲ್ಲಿ ಕುಣಿದೆ?"
"ಎಲ್ಲೂ ಇಲ್ಲ. ಮುನಿಸಿಕೊಂಡು ಮನೆಯಲ್ಲಿದ್ದೆ."
ಸ್ವಲ್ಪ ಹೊತ್ತು ಬಿಟ್ಟು,
"ಒಣಗಿಸು. ನಾನಿಲ್ಲದೆ
ಏನು ಬಾರಿಸಿದರೋ ಕೇಳೋಣ."