ಸುಣ್ಣದ ತಿಳಿ

ದೊಡ್ಡಗುಣಿಯ ಕಲ್ಲುಕುಳಿಯಿಂದ ಅವ್ವ
ಸುಣ್ಣದ ಗೂಡಿಗೆ ಕಲ್ಲು ಹೊರುತ್ತಿದ್ದ ಕಾಲ.
ಸುತ್ತಿಗೆ ಹಿಡಿದು ಬಂದವನೊಬ್ಬ
ಅವಳ ಪುಟ್ಟಿಯಿಂದ ಒಂದನ್ನೆತ್ತಿ, ಉಗುಳು ಹಚ್ಚಿ ಒರೆಸಿ,
ಸೀಸೆಯಿಂದ ಒಂದು ತೊಟ್ಟು ಬಿಟ್ಟ.
ಸ್ಸ್ ಎಂದಿತು ಕಲ್ಲು.

"ಒಳಗೇನು ಹಾವಿಟ್ಟಿದ್ದೀಯಪ್ಪಾ?"

ಹಾವಲ್ಲ. ಹಾವಿಗೆ ಇನ್ನೂ ಬಹಳ ಹೊತ್ತಿತ್ತು.
ತೋರಿಸಿದ: ಗೆರೆಯ ಮೇಲೆ ಗೆರೆ,
ಎಲೆಕೋಸು ಹೆಚ್ಚಿಟ್ಟ ಹಾಗೆ.
ಇದು ಪಾಚಿ ಕಟ್ಟಿದ ಗೋಡೆ ಕಣಮ್ಮಾ,
ಇನ್ನೂರ ಅರವತ್ತು ಕೋಟಿ ವರ್ಷ.

ಅವ್ವನಿಗೆ ಕೋಟಿ ಗೊತ್ತಿತ್ತು, ಲಾಟರಿ ಚೀಟಿಯಲ್ಲಿ ಕಂಡಿದ್ದಳು.
ಪಾಚಿ ಇನ್ನೂ ಚೆನ್ನಾಗಿ ಗೊತ್ತಿತ್ತು,
ದನದ ತೊಟ್ಟಿಯಿಂದ ಶುಕ್ರವಾರಕ್ಕೊಮ್ಮೆ ಕೆರೆದು ಎಸೆಯುತ್ತಿದ್ದಳು.
ಮೂಳೆ ಎಲ್ಲಿದೆ ಇದರಲ್ಲಿ, ಕೇಳಿದಳು.
ಮೂಳೆ ಹುಟ್ಟಿರಲಿಲ್ಲ.
ಚಿಪ್ಪು?
ಅದೂ ಇಲ್ಲ.
ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅನ್ನುತ್ತೇವಲ್ಲ,
ಆಗ ಬೆಣ್ಣೆಯಿಲ್ಲ, ಕಣ್ಣೇ ಇಲ್ಲ,
ಮೈಕಾಯಿಸಲು ಯಾರೂ ಇಲ್ಲದ ಬಿಸಿಲು,
ಮೊಣಕಾಲುದ್ದದ ಉಪ್ಪುನೀರು.

ಇಲ್ಲಿ ಕಡಲಾ? ಅವ್ವ ಬಿದ್ದುಬಿದ್ದು ನಕ್ಕಳು.
ಆರುನೂರು ಅಡಿ ಕೊರೆದರೂ ಬೋರಿನಿಂದ ಧೂಳು ಏಳುವ ಊರು.
ನಗು ಮುಗಿಸಿ ಪುಟ್ಟಿ ಹೊತ್ತಳು.
ಕೂಲಿ ಪುಟ್ಟಿಗಿಷ್ಟು,
ಕಲ್ಲಿನ ವಯಸ್ಸಿಗಲ್ಲ.

ಆ ಪಾಚಿ ಬಿಟ್ಟ ಉಸಿರೇ
ನೀರೊಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸಿ ತಳಕ್ಕಿಳಿಸಿತಂತೆ.
ಆ ತುಕ್ಕನ್ನೇ ಈಗ ಲಾರಿಗಳು
ಟಾರ್ಪಾಲು ಹೊದಿಸದೆ ಸಾಗಿಸುತ್ತವೆ,
ಒಣಹಾಕಿದ ನಮ್ಮ ಪಂಚೆ ಲಂಗಗಳ ಮೇಲೆ ಕೆಂಪು ಕೂರಿಸುತ್ತ.
ಕಬ್ಬಿಣ ಮುಗಿದ ಮೇಲೆ
ಉಳಿದ ಉಸಿರು ಮೇಲಕ್ಕೆದ್ದಿತು.
ಅದನ್ನೇ ಸೇದುತ್ತ ಮೀನು, ಕಪ್ಪೆ, ಓತಿ, ಕೋತಿ,
ಗೂಡಿನ ಕೆಂಡದಲ್ಲಿ ಬೀಡಿ ಹಚ್ಚುವ ಮೇಸ್ತ್ರಿ ಚಿಕ್ಕರಂಗಯ್ಯ.

ನಾನೀಗ ಚಿಕ್ಕನಾಯಕನಹಳ್ಳಿಯ ಹೈಸ್ಕೂಲಿನಲ್ಲಿ
ಲ್ಯಾಬಿನ ಗಾಜು ತೊಳೆಯುವವಳು.
ಸುಣ್ಣದ ಬಾಟಲಿ ಬರಿದಾಗಿ ಶಕೀಲಾ ಮೇಡಂ ಹುಬ್ಬು ಗಂಟಿಕ್ಕಿದ ದಿನ
ಅವ್ವನ ಎಲೆಯಡಿಕೆ ಸಂಚಿಯಿಂದ ಡಬ್ಬಿ ಕದ್ದು ತಂದೆ.
ನೀರಿಗೆ ಕಲಸಿ, ರಾತ್ರಿಯೆಲ್ಲ ಇಟ್ಟು,
ಬೆಳಿಗ್ಗೆ ತಿಳಿ ಬಸಿದೆ.
ಒಂಬತ್ತನೇ ಕ್ಲಾಸಿನವರು ಪಪ್ಪಾಯಿ ದಂಟು ಅದ್ದಿ ಊದಿದರು.
ತಿಳಿ ಹಾಲಾಯಿತು.
"ನಿಮ್ಮ ಉಸಿರು ಕಲ್ಲಾಗ್ತಿದೆ, ನೋಡ್ರೋ" ಅಂದರು ಮೇಡಂ.
ಅಷ್ಟರಲ್ಲಿ ಬೆಲ್ ಹೊಡೆಯಿತು.

ಸಂಜೆ ನಳಿಗೆಗಳ ತಳದಲ್ಲಿ
ಉಗುರಿನಷ್ಟೂ ದಪ್ಪವಿರದ ಬಿಳಿ ಪದರ.
ಸೋಪಿಗೆ ಬಿಡಲಿಲ್ಲ. ಬೂದಿಗೆ ಜಗ್ಗಲಿಲ್ಲ.
ಹುಣಸೆಹುಳಿ ಹಿಂಡಿದೆ.
ಸ್ಸ್.

ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದೆ.
ಇದು ಸದಾ ಮೂಗು ಸೋರುವ ತಿಪ್ಪೇಶನದೋ,
ಊದಲು ಹೋಗಿ ನಗು ತಡೆಯಲಾರದೆ
ಮೇಜೆಲ್ಲ ಚೆಲ್ಲಿದ ನೂರ್ ಅಸ್ಮಾಳದೋ.

ಮನೆಗೆ ಬಂದರೆ ಬಾಗಿಲಲ್ಲೇ ಅವ್ವ:
"ಡಬ್ಬಿ ಎಲ್ಲೇ?"
ಕೊಟ್ಟೆ.
ಎಲೆಯ ಬೆನ್ನಿಗೆ ಒಂದು ಗೆರೆ ಎಳೆದಳು,
ಅದರ ಮೇಲೊಂದು,
ಅದರ ಮೇಲೆ ಮತ್ತೊಂದು.
ಸಾಕು, ಬಾಯಿ ಬೆಂದೀತು ಅಂದೆ.
ಕೇಳಲಿಲ್ಲ.