ಕಲ್ಲು ಹತ್ತಿರ ಬರುತ್ತದೆ

ನವ್ರೊಂಗೊ ಜೈಲಿನ ಮಗ್ಗಕ್ಕೆ ಗೋಡೆಯಿಲ್ಲ,
ಗೋಡೆಗಳೆಲ್ಲ ಬೇರೆ ಕೆಲಸಕ್ಕೆ ಹೋಗಿವೆ.
ಅಂಗಳದ ಬೇವಿನ ಕೆಳಗೆ ನಾಲ್ಕು ಕೋಲು, ಒಂದು ಮಣೆ,
ಕಾಲ್ಬೆರಳ ಸಂದಿಗೆ ಎರಡು ಹಗ್ಗ.
ಹಾಸಿನ ನೂಲು ಇಪ್ಪತ್ತು ಹೆಜ್ಜೆ ಆಚೆ ಹೋಗಿ
ಒಂದು ಜಾರುಹಲಗೆಗೆ ಬಿಗಿದಿದೆ.
ಹಲಗೆಯ ಮೇಲೆ ಕಲ್ಲು.

ನೇಯುವವನು ಕೂತಲ್ಲೇ ಕೂತಿರುತ್ತಾನೆ.
ನಾಲ್ಕು ಬೆರಳಗಲದ ಪಟ್ಟಿ
ಮಡಿಲಲ್ಲಿ ಸುತ್ತಿಕೊಂಡ ಹಾಗೆಲ್ಲ
ಕಲ್ಲು ಧೂಳಲ್ಲಿ ಗೀರೆಳೆಯುತ್ತಾ
ಅವನತ್ತ ಬರುತ್ತದೆ,
ದಿನಕ್ಕೆ ಎರಡು ಮೊಳ, ಕೈ ಕುದುರಿದರೆ ಮೂರು.

ನಾನು ಸಾರ್ಜೆಂಟ್ ದೇರಿ. ಸೊಂಟದ ಬೀಗದಕೈ ಸರ್ಕಾರದ್ದು,
ಬೆರಳ ನೇಯ್ಗೆ ಸೋದರಮಾವನದು.
ಬಂದವರಿಗೆ ಮೊದಲು ಕಲ್ಲು ಹೊರಿಸುತ್ತೇನೆ:
"ಇದು ಶಿಕ್ಷೆ ಅಲ್ಲ ಕಣಯ್ಯಾ, ಬಿಗಿ.
ಬಿಗಿ ಇಲ್ಲದ ನೂಲು ನೂಲಲ್ಲ, ಕೂದಲು."

ಅಯಿಂಬಿರೆ ಬಂದದ್ದು ಹರ್ಮಟಾನ್ ಗಾಳಿಯಲ್ಲಿ,
ತುಟಿ ಒಡೆದು, ರೆಪ್ಪೆಗೆ ಸಹಾರಾ ಅಂಟಿಕೊಂಡು.
ಒಡಹುಟ್ಟಿದ ಅಣ್ಣನ ಮೋಟಾರ್‌ಸೈಕಲ್ಲನ್ನೇ ಕದ್ದು
ಗಡಿಯಾಚೆ ಪೋ ಊರಿನ ಸಂತೆಯಲ್ಲಿ ಮಾರಿದ್ದ.
ಐದು ವರ್ಷ.
ಮೂವತ್ತು ಜನರ ಕೋಣೆಯಲ್ಲಿ ತೊಂಬತ್ತೊಂದು ಜನ,
ಒಬ್ಬ ಮಗ್ಗುಲಾದರೆ ಸಾಲಿಗೆ ಸಾಲೇ ಮಗ್ಗುಲಾಗಬೇಕು.
ಹಾಸುಹೊಕ್ಕು ಅನ್ನುವುದನ್ನು ಅವರು
ರಾತ್ರಿಯೇ ಕಲಿತಿರುತ್ತಾರೆ.

ಮೊದಲ ಆರು ತಿಂಗಳು ಎಳೆ ಕಡಿದ. ಬರೀ ಕಡಿದ.
ಬೈದೆ. ನಕ್ಕ. ಗಂಟು ಹಾಕಲು ಕಲಿತ.
ಕಾಣದ ಹಾಗೆ ಗಂಟು ಹಾಕಲು
ಇನ್ನೊಂದು ವರ್ಷ.

ಒಂದು ಸಂಜೆ, ತಲೆ ಎಣಿಸುವ ಹೊತ್ತಿಗೆ ಸ್ವಲ್ಪ ಮುಂಚೆ, ಕೇಳಿದ:
"ಸಾರ್, ಕಲ್ಲು ಹತ್ತಿರ ಬಂದಾಗಲೆಲ್ಲ
ಮತ್ತೆ ಇಪ್ಪತ್ತು ಹೆಜ್ಜೆ ದೂರ ಇಡಿಸುತ್ತೀರಿ.
ಇದು ಬಂದು ಸೇರುವುದು ಯಾವಾಗ?"
ಗಂಟೆ ಹೊಡೆಯಿತು, ನನ್ನ ಪುಣ್ಯ.

ನನ್ನ ಹಬ್ಬದ ಅಂಗಿ ಅವನದೇ ನೇಯ್ಗೆ.
(ದುಡ್ಡು ಕೊಟ್ಟೇ ತಗೊಂಡದ್ದು, ರಸೀದಿ ಇದೆ.)
ಎಡ ಕಂಕುಳ ಪಟ್ಟಿಯಲ್ಲಿ ಒಂದು ನೀಲಿ ಎಳೆ
ದಾರಿ ತಪ್ಪಿ ಬಿಳಿಯೊಳಗೆ ನಡೆದಿದೆ.
ಬಿಚ್ಚಿ ಸರಿಮಾಡುತ್ತೇನೆ ಅಂದ. ನಾನು ಬಿಡಲಿಲ್ಲ.
ಕೈ ಎತ್ತಿದಾಗ ಮಾತ್ರ ಕಾಣುತ್ತದೆ ಅದು.

ಬಿಡುಗಡೆಯ ದಿನ ಬಸ್ಸಿನ ದುಡ್ಡು, ಒಂದು ಲಾಳಿ,
ಒಂದು ಸರ್ಟಿಫಿಕೇಟು.
ನೆತ್ತಿಯ ಮೇಲೆ ಜೈಲಿನ ಮುದ್ರೆ ಇದ್ದ ಭಾಗವನ್ನು
ಹಿಂದಕ್ಕೆ ಮಡಚಿ
ಉಗುರಲ್ಲಿ ತೀಡಿದ, ಎರಡು ಸಲ.

ರಾಗಿ-ಸಜ್ಜೆ ಕೊಯ್ಲು ಮುಗಿದ ಮೇಲೆ ಸಿರಿಗುವಿಗೆ ಹೋಗಿದ್ದೆ.
ಹೆಂಗಸರು ಕೆಂಪು ಕಪ್ಪು ಬಿಳಿ ಬಳಿದು
ಗೋಡೆಗಳನ್ನು ಮಾತಾಡಿಸುವ ಊರು.
ಅಣ್ಣ ಮಾತಾಡಿಸಲಿಲ್ಲ.
ಅವನ ಹೊಸ ಗಾಡಿಯ ಗಾಲಿಗೆ ಸರಪಳಿ, ಸರಪಳಿಗೆ ಬೀಗ.
ಬೀಗ ಕಂಡರೆ ನನಗೆ ಗುರುತು ಹತ್ತುತ್ತದೆ:
ನಮ್ಮಲ್ಲಿರುವ ಕಂಪನಿಯದೇ.
ಅತ್ತಿಗೆ ಸೋರೆಬುರುಡೆಯ ತುಂಬ ಹಿಟ್ಟಿನ ನೀರು
ನನ್ನ ಕೈಗೆ ಕೊಟ್ಟಳು,
ಅವನದನ್ನು ನೆಲಕ್ಕಿಟ್ಟಳು.

ಹಿತ್ತಲಲ್ಲಿ ಮಗ್ಗ. ಇಪ್ಪತ್ತು ಹೆಜ್ಜೆ ನೂಲು.
ತುದಿಯ ಹಲಗೆಯ ಮೇಲೆ ಕಲ್ಲಿಲ್ಲ.
ಅಣ್ಣನ ಮಗಳು ಅಟಿಪೋಕಾ ಕೂತಿದ್ದಾಳೆ,
ಇವನು ಒಳಗೆ ಹೋದ ಮೇಲೆ ಹುಟ್ಟಿದವಳು,
ಮೂಗು ಸುರಿಯುತ್ತಿದೆ.

"ಚಿಕ್ಕಪ್ಪನ ಹತ್ತಿರ ಹೋಗಬಾರದಂತೆ,"
ಪೊಲೀಸಿಗೆ ಹೇಳಿಕೆ ಕೊಡುವವಳ ಹಾಗೆ ಹೇಳಿದಳು.
"ನಾನು ಹೋಗ್ತಿಲ್ಲ. ಸುಮ್ನೆ ಕೂತಿದೀನಿ."

ಲಾಳಿ ಆ ಕೈಯಿಂದ ಈ ಕೈಗೆ.
ಹಲಗೆ ಒಂದು ಬೆರಳು ಸರಿಯಿತು.
ಅವಳು ಕಾಲು ಇಳಿಬಿಟ್ಟು
ಧೂಳಲ್ಲಿ ಎರಡು ಗೀರು ಎಳೆಯುತ್ತಾ ಬಂದಳು.
ಅವನು ತಲೆ ಎತ್ತಲಿಲ್ಲ,
ಅವಸರ ಮಾಡಲಿಲ್ಲ.